ಬಿಗಿ ಬಿಲ್ಲು

ಅರಳೆ ಹಿಂಜುವ ಬಿಲ್ಲನ್ನು ಮೀಟಿಯೇ ಬಾಳಿದ ಯಮನೂರಸಾಬ ಕರಿ ಬಿಲ್ಲಿನ ಹೆದೆಯನ್ನು ಹೆಬ್ಬೆರಳಿನಿಂದ ಮೀಟಿ ಕಿವಿಗೊಟ್ಟ. ನೀಲಿ ಬಿಲ್ಲನ್ನು ಅವನು ಆಗಲೇ ಕೆಳಗಿಟ್ಟಿದ್ದ. ಎರಡೂ ತುದಿ ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲುಗಳು. ಎರಡೂ ಬಳಸಿದವು, ಬೆಲೆಯೂ ಒಂದೇ. ನೀಲಿಯದು ಹಗುರ ಎಳೆತ, ಕರಿಯದು ಬಿಗಿ.

ಮೊಮ್ಮಗಳು ನಾಹೀದ ಗೋಡೆಗೊತ್ತಿ ನಿಂತಿದ್ದಳು. ಸಾಲೆಯ ಬಿದಿರು ಬಿಲ್ಲಿನಲ್ಲಿ ಅವಳ ಗುರಿ ನೋಡಿದವರೆಲ್ಲ ಮೆಚ್ಚಿದ್ದರು. ಬೇಸಿಗೆಗೆ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ, ಅಲ್ಲಿಗೆ ಸ್ವಂತ ರಿಕರ್ವ್ ಬೇಕು. ಆರಿಸಿಕೊಂಡರೆ ಊಟ, ಓದು ಎಲ್ಲ ಅಲ್ಲೇ. ಅವಳಪ್ಪ ಶಾಹೀದ ಲಾರಿಯಡಿ ಸಿಕ್ಕು ತೀರಿಕೊಂಡು ವರ್ಷ ತುಂಬಿರಲಿಲ್ಲ.

ನರೇಗಲ್ಲಿನ ಆ ಅಂಗಡಿಯಲ್ಲಿ ಬಿಲ್ಲು ಮಾರುತ್ತಿದ್ದವನು ನಿವೃತ್ತ ಡ್ರಿಲ್ ಮಾಸ್ತರ ದುರಗಪ್ಪ. ಎಳೆಯ ರಟ್ಟೆ, ಈ ವರ್ಷ ಹಗುರದ್ದು ಎಳೆಯಲಿ, ಬರುವ ವರ್ಷ ತಂದುಕೊಟ್ಟು ಬಿಗಿಯದು ಒಯ್ಯಿರಿ ಎಂದು ಅವನು ಬಿಡಿಸಿ ಹೇಳಿದ. ಯಮನೂರಸಾಬ ಎಲ್ಲ ಕೇಳಿಸಿಕೊಂಡ. ಮಕ್ಕಳ ಅಂಗಿಯನ್ನು ಎಂದೂ ಒಂದು ಅಳತೆ ದೊಡ್ಡದೇ ಹೊಲಿಸಿದವನು ಅವನು. ಸಂಜೆಗೆ ಬರುತ್ತೇನೆಂದು ಹೋದ ಮಗ ಬಾರದ ಮೇಲಂತೂ ಮುಂದಿನ ದಿನಗಳ ಮೇಲೆ ಅವನಿಗೆ ನಂಬಿಗೆ ಉಳಿದಿರಲಿಲ್ಲ.

"ಬರೂ ವರ್ಷ ನಾ ಇರ್ತೀನೋ ಇಲ್ಲೋ, ಅಲ್ಲಾಗ ಗೊತ್ತರಿ ಮಾಸ್ತರ. ಒಮ್ಮೆ ತಗೊಂಡದ್ದು ಆಕಿ ದೊಡ್ಡಾಕಿ ಆಗೂತನಕಾ ಬರಬೇಕು. ಅರಳಿ ಹಿಂಜೋ ಮನಿತನದ ರಟ್ಟಿ ಐತಿ."

"ಹಿಂಜಿದ್ದು ನಿಮ್ಮ ರಟ್ಟಿರಿ ಸಾಬರ. ಆಕಿ ಏನ ಹಿಂಜ್ಯಾಳ?" ಎಂದು ದುರಗಪ್ಪ ನಕ್ಕ.

ನಾಹೀದ ಕರಿ ಬಿಲ್ಲನ್ನೆತ್ತಿ ಎಳೆದಳು. ಅರ್ಧಕ್ಕೇ ಮೊಣಕೈ ನಡುಗಿತು. ತುಟಿ ಕಚ್ಚಿ ಗದ್ದದವರೆಗೆ ತಂದಳು. ಇಳಿಸಿ ಅಜ್ಜನ ಮುಖ ನೋಡಿದಳು. ಅಪ್ಪನನ್ನು ಮಣ್ಣು ಮಾಡಿ ಬಂದಂದಿನಿಂದ ಆ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ.

"ಬರ್ತೈತಿ ಅಜ್ಜಾ. ಇದ ಇರಲಿ."

ತಮ್ಮೂರು ಗಜೇಂದ್ರಗಡದ ಗುಡ್ಡದ ಕೆಳಗೆ ದಿನಾ ಸಂಜೆ ಅರಳೆ ತುರುಕಿದ ಗೋಣಿಗೆ ಅವಳು ಬಾಣ ಬಿಟ್ಟಳು. ಯಮನೂರಸಾಬ ಕಲ್ಲಿನ ಮೇಲೆ ಕುಳಿತು ತಸಬಿಯ ಮಣಿ ಎಣಿಸುತ್ತಿದ್ದ. ಬರಬರುತ್ತ ಬಾಣಗಳು ಗೋಣಿ ತಪ್ಪಿ ಮಣ್ಣಿಗೆ ಬೀಳತೊಡಗಿದವು. ಇನ್ನೂ ಜಗ್ಗಿ ಎಳೆಯೆಂದು ಅವನು ಹುರಿದುಂಬಿಸಿದ. ಅವಳು ಎಳೆದಳು.

ಒಂದು ಮುಂಜಾನೆ ನಮಾಜು ಮುಗಿಸಿ ಬಂದಾಗ ಹೆಂಡತಿ ಜಮಾಲಬಿ ಮೊಮ್ಮಗಳ ಹೆರಳು ಹಾಕುತ್ತಿದ್ದಳು. ಸಣ್ಣಾಕೆಯಿದ್ದಾಗಿನಿಂದ ತನ್ನ ಹೆರಳು ತಾನೇ ಹಾಕಿಕೊಂಡ ಹುಡುಗಿ.

"ಯಾಕ, ರಾಣಿಯವರಿಗೆ ಕೈ ಇಲ್ಲೇನು?" ಎಂದು ಚೇಷ್ಟೆ ಮಾಡಿದ.

ಜಮಾಲಬಿ ತಲೆಯೆತ್ತಲಿಲ್ಲ. "ಬಲಗೈ ತಲಿತನಕಾ ಏಳವಲ್ದು. ತಿಂಗಳಾತು. ನಿಮಗ ಹೇಳಬ್ಯಾಡಂತ ಆಣಿ ಹಾಕ್ಯಾಳ."

ರೋಣದ ದವಾಖಾನೆಯಲ್ಲಿ ಭುಜದೊಳಗಿನ ಸ್ನಾಯು ಹರಿದಿದೆಯೆಂದರು. ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿದರು. ಇನ್ನು ಬಿಲ್ಲು ಮುಟ್ಟಬಾರದೆಂದರು. ಆಯ್ಕೆಯ ದಿನ ಬಂತು, ಹೋಯಿತು.

ಆ ಸಂಜೆ ಯಮನೂರಸಾಬ ಕರಿ ಬಿಲ್ಲಿನ ಹೆದೆ ಇಳಿಸಲು ಕುಳಿತ. ಮೊಣಕಾಲು ಕೊಟ್ಟು, ಮೈಭಾರವೆಲ್ಲ ಹಾಕಿ ಬಗ್ಗಿಸಲು ನೋಡಿದ. ಬಗ್ಗಲಿಲ್ಲ. ಅಂಗಡಿಯಲ್ಲಿ ಅವನು ಅದರ ಸದ್ದು ಕೇಳಿದ್ದ, ಎಳೆದು ನೋಡಿರಲಿಲ್ಲ. ಹೆದೆ ಬಿಗಿದಂತೆಯೇ ಅದನ್ನು ಗೋಡೆಯ ಗೂಟಕ್ಕೆ, ಅರಳೆ ಹಿಂಜುವ ಹಳೆ ಬಿಲ್ಲಿನ ಪಕ್ಕ ಹಾಕಿದ. ಕೈ ಎತ್ತುವಾಗ ಟೊಪ್ಪಿಗೆ ಕೆಳಗೆ ಬಿತ್ತು.

ಮಸೀದಿಯಿಂದ ಅಜಾನ್ ಕೇಳಿಸಿತು. ನಾಹೀದ ಬಗ್ಗಿ ಟೊಪ್ಪಿಗೆ ಎತ್ತಿದಳು. ಹಿರಿಯರಿಗೆ ಎಡಗೈಯಿಂದ ಕೊಡುವುದು ಹೇಗೆಂದು ಗಳಿಗೆ ತಡೆದು, ಕೊನೆಗೆ ಎಡಗೈಯನ್ನೇ ಚಾಚಿದಳು.

ಯಮನೂರಸಾಬ ಎರಡೂ ಕೈಯೊಡ್ಡಿ ಇಸಿದುಕೊಂಡ.