ಚಿಕಾಗೋದವನ ಅಂಗೈ

"ಅಂದ್ರೆ ನೀವು ಚಿಕಾಗೋದವರು ಅನ್ನಿ," ಎಂದಳು ವಿಲ್ಮಾ. ಮಂಚದ ಅಂಚಿನಲ್ಲಿ ಕುಳಿತಿದ್ದಳು, ಕೋಟು ಇನ್ನೂ ಬಿಚ್ಚಿರಲಿಲ್ಲ.

"ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ," ಎಂದ ಟೆಡ್ ಪ್ರುಸಾಕ್, ಅಂಗಿ ಬಿಚ್ಚಿ ಕುರ್ಚಿಗೆ ಹಾಕುತ್ತ. ದುಡ್ಡಿಗೆ ಹೆಂಗಸರ ಜೊತೆ ಮಲಗುವ ಈ ಕೆಲಸದಲ್ಲಿ ಅವನ ಹೆಸರು ಬ್ರೆಟ್. ಹೆಸರನ್ನೂ ಊರನ್ನೂ ಆರಿಸಿಕೊಟ್ಟವಳು ಗಿರಾಕಿಗಳನ್ನು ಗೊತ್ತುಮಾಡುವ ಯೊಲಾಂಡಾ. "ಭೂಗೋಳದ ಮೇಷ್ಟ್ರು ಅಂದ್ರೆ ಯಾವ ಹೆಂಗಸು ಬರ್ತಾಳೋ ಮಾರಾಯ!" ಎಂದು ನಕ್ಕಿದ್ದಳು.

ಶಾಲೆಯವರು ಅವನ ಪಾಠಗಳನ್ನು ಅರ್ಧಕ್ಕೆ ಇಳಿಸಿದ್ದರು, ಹೆಂಡತಿ ಬಿಟ್ಟುಹೋಗಿದ್ದಳು. ಉಳಿದದ್ದು ಐವತ್ತಾದರೂ ಕೆಡದ ಮೈಕಟ್ಟು, ಮತ್ತು ಆ ಅರ್ಧ ಕೆಲಸ. ಅದೇ ಅವನ ಜೀವ. ಗುಟ್ಟು ರಟ್ಟಾದರೆ ಮಾರನೆಯ ದಿನವೇ ಮನೆಗೆ ಕಳಿಸುತ್ತಿದ್ದರು. ಅದಕ್ಕೇ ಊರಿನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಡೆಟ್ರಾಯಿಟ್ ಹೊರಗಿನ ಈ ಮೋಟೆಲ್ಲಿಗೆ ಬರುತ್ತಿದ್ದ.

ಹೊರಗೆ ಮಧ್ಯಾಹ್ನದ ಹಿಮ ಬೀಳುತ್ತಿತ್ತು. ವಿಲ್ಮಾಗೆ ಅರವತ್ತರ ಹತ್ತಿರ. ಪಾಪ, ಹೆದರಿದ್ದಳು. ಮಾತಿಗೆಳೆದರೆ ಹಗುರಾದಾಳು ಎಂದು ಅವನು ಊರು ಕೇಳಿದ.

"ಉತ್ತರಕ್ಕೆ, ಕೊಲ್ಲಿ ಪಕ್ಕ. ಚಿಕಾಗೋದವರಿಗೆ ಎಲ್ಲಿ ಗೊತ್ತಾಗತ್ತೆ, ಬಿಡಿ."

"ಕೊಲ್ಲಿ ಅಂದ್ರೆ ಇಲ್ಲೇನಾ?" ಎಂದವನೇ ಟೆಡ್ ಬಲಗೈ ಎತ್ತಿ, ಅಂಗೈಯನ್ನು ಮುಖದತ್ತ ಹಿಡಿದು, ಹೆಬ್ಬೆರಳ ಸಂದಿನಲ್ಲಿ ಬೆರಳಿಟ್ಟು ತೋರಿಸಿದ.

ವಿಲ್ಮಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯಕ್ಕೆ ನಕ್ಷೆಯಲ್ಲಿ ಕೈಗವಸಿನದೇ ಆಕಾರ, ಹೆಬ್ಬೆರಳ ಸಂದೇ ಕೊಲ್ಲಿ. ಊರು ಕೇಳಿದರೆ ಅಂಗೈ ಎತ್ತುವವರು ಅಲ್ಲಿ ಹುಟ್ಟಿದವರು ಮಾತ್ರ.

"ಚಿಕಾಗೋದವರಿಗೆ ಈ ಕೈ ಎಲ್ಲಿಂದ ಬಂತ್ರೀ?" ಎಂದವಳು ತಟ್ಟನೆ ನಗು ನಿಲ್ಲಿಸಿದಳು. "ತಡೀರಿ. ನಮ್ಮೂರ ಶಾಲೇಲಿ ಭೂಗೋಳದ ಪ್ರುಸಾಕ್ ಮೇಷ್ಟ್ರು ಅಂತ ಒಬ್ರಿದಾರೆ. ಅವರು ಹೇಳಿಕೊಟ್ರು ಅಂತ ನನ್ನ ಮೊಮ್ಮಗಳು ಅಂಗೈ ಮೇಲೆಲ್ಲ ಪೆನ್ನಲ್ಲಿ ನದಿ ಬರ್ಕೊಂಡು ಬಂದಿದ್ಳು. ಟೆಸ್ ಅಂತ."

ಟೆಡ್‌ನ ಮುಖ ಬಿಳಿಚಿಕೊಂಡಿತು. ಅವಳಿಗೆ ಬೇರೆ ಉತ್ತರ ಬೇಕಾಗಲಿಲ್ಲ. ಅವನು ಅಂಗಿ ಎಳೆದುಕೊಂಡು ಗಡಿಬಿಡಿಯಲ್ಲಿ ಗುಂಡಿ ಹಾಕತೊಡಗಿದ.

"ಶಾಲೆಗೆ ಹೇಳ್ತೀರಾ?"

"ಏನಂತ ಹೇಳ್ಲಿ? ಮೋಟೆಲ್ಲಲ್ಲಿ ಸಿಕ್ಕಿದ್ರು ಅಂತಾನಾ? ಮಾನ ಉಳೀಲಿ ಅಂತ ನಾನೂ ಎರಡು ಗಂಟೆ ಕಾರು ಓಡಿಸಿಕೊಂಡೇ ಬಂದಿದೀನಿ ಕಣ್ರೀ."

"ಆದ್ರೂ ನಿಮಗೆ ಭಯ ಬೇಡ. ಸೋಮವಾರ ನಾನೇ ರಾಜೀನಾಮೆ ಕೊಟ್ಬಿಡ್ತೀನಿ," ಎಂದ ಟೆಡ್.

ವಿಲ್ಮಾ ಕಿಟಕಿಯ ಕಡೆ ತಿರುಗಿಕೊಂಡಳು. "ಟೆಸ್ ಕ್ಲಾಸಲ್ಲಿ ಮಾತಾಡ್ತಾಳಾ? ಅವಳಮ್ಮ ಸತ್ತ ಮೇಲೆ ಮನೇಲಿ ಹೂಂ, ಉಹೂಂ ಅಷ್ಟೇ."

ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ. ಆದ್ರೆ ಊಟದ ಹೊತ್ತಿಗೆ ನನ್ನ ರೂಮಿಗೆ ಬರ್ತಾಳೆ. ಡಬ್ಬಿ ಬಿಚ್ಚಿ ಕೂತ್ಕೋತಾಳೆ. ನಾನು ಪೇಪರ್ ತಿದ್ತಾ ಇರ್ತೀನಿ. ಹೊರಡುವಾಗ 'ನಾಳೆ ಬರ್ತೀನಿ' ಅಂತಾಳೆ."

"ಅಂತಾಳಾ?"

"ದಿನಾ ಅಂತಾಳೆ."

ವಿಲ್ಮಾಳ ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಹಾಗಿದ್ರೆ ಆ ಕೆಲಸ ಬಿಟ್ಟೀರಾ ಜೋಕೆ!" ಎಂದಳು ಕೊನೆಗೆ, ಗದರಿಸುವಂತೆ. "'ನಾಳೆ ಬರ್ತೀನಿ' ಅಂದವಳು ಬಂದ್ರೆ ಬಾಗಿಲಲ್ಲಿ ಯಾರ್ರೀ ಇರ್ತಾರೆ?"

ಎದ್ದು ಅವನ ಎದುರು ನಿಂತಳು. ಗಾಬರಿಯಲ್ಲಿ ಅವನು ಗುಂಡಿಗಳನ್ನೆಲ್ಲ ಒಂದೊಂದು ತೂತು ಮೇಲಕ್ಕೆ ಹಾಕಿಕೊಂಡಿದ್ದ. ವಿಲ್ಮಾ ಒಂದೊಂದನ್ನೇ ಬಿಚ್ಚಿ, ಕೆಳಗಿನಿಂದ ಮತ್ತೆ ಸರಿಯಾಗಿ ಹಾಕುತ್ತ ಬಂದಳು. ಕೊರಳಪಟ್ಟಿಯನ್ನು ಎಳೆದು ನೇರ ಮಾಡಿದಳು. ಟೆಡ್ ಗಲ್ಲ ಎತ್ತಿಕೊಂಡು, ಅಲುಗಾಡದೆ ನಿಂತಿದ್ದ.