ಆರನೇ ನಂಬರಿನ ಕೋಣೆ

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ವೆಂಡೆಲ್ ಪ್ರೂಯಿಟ್, ಒಹಾಯೋದಿಂದ ಪಶ್ಚಿಮದ ಕಡಲಿನವರೆಗೂ ಕಾರಿನಲ್ಲೇ ಹೋಗೋಣವೆಂದ. ಹೆಂಡತಿ ಕೊರೀನ್ ಕಾಯುತ್ತಿದ್ದವಳಂತೆ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದಳು. ಬ್ಯಾಡ್‌ಲ್ಯಾಂಡ್ಸ್‌ನ ಸವೆದ ಗುಡ್ಡಗಳು, ಯೆಲ್ಲೊಸ್ಟೋನಿನ ಬಿಸಿನೀರ ಬುಗ್ಗೆಗಳು. ಸಂಜೆಯಾದರೆ ಅವಳ ಪೆನ್ಸಿಲು ಒಂದಲ್ಲ ಒಂದು ಕಡೆ ಗುರುತು ಹಾಕುತ್ತಿತ್ತು.

ಹಾಗೆ ಗುರುತು ಹಾಕಿದ್ದ ವಯೋಮಿಂಗಿನ ಸಣ್ಣ ಊರೊಂದರ ಮೋಟೆಲಿಗೆ ಅವಳು ಫೋನು ಮಾಡಿ ಹೆಸರು ಹೇಳಿದಾಗ ಒಡತಿಗೆ ಸಂಭ್ರಮವೋ ಸಂಭ್ರಮ.

"ನಿಮ್ಮೆಜಮಾನ್ರು ಹೋದ ವಾರ ತಾನೇ ಬಂದಿದ್ರಲ್ಲಮ್ಮಾ! ಜೂನಲ್ಲಿ ಹೆಂಡ್ತೀನ ಕರ್ಕೊಂಡು ಬರ್ತೀನಿ, ಆರನೇ ನಂಬರೇ ಬೇಕು ಅಂದ್ರು."

ಕೊರೀನ್ ಫೋನಿಟ್ಟು ಗಂಡನತ್ತ ತಿರುಗಿದಳು. "ಏನಯ್ಯಾ, ನನ್ಗೆ ಹೇಳ್ದೆ ವಯೋಮಿಂಗಿಗೆ ಹೋಗಿದ್ಯಂತೆ?"

"ಹೌದು ಕಣೆ. ಹೋದ ವಾರ ಬೇಲಿಗೆ ಬಣ್ಣ ಬಳೀತಿದ್ನಲ್ಲ, ಹಾಗೇ ಬೇಲಿ ಹಾರಿ ಹೋಗ್ಬಂದೆ."

ಅದೇ ಹೆಸರಿನ ಬೇರೆ ಯಾರೋ ಇರಬೇಕೆಂದು ಇಬ್ಬರೂ ನಕ್ಕು ಸುಮ್ಮನಾದರು.

ಜೂನಿನ ಒಂದು ಮಧ್ಯಾಹ್ನ ಆ ಮೋಟೆಲು ತಲುಪಿದರು. ಒಡತಿ ಕೊರೀನಳ ಮುಖ ಕಂಡದ್ದೇ ಅರಳಿದಳು. ಹಿಂದೆಯೇ ಪೆಟ್ಟಿಗೆ ಹೊತ್ತು ಬಂದ ವೆಂಡೆಲ್‌ನನ್ನು ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

"ಇವರ್ಯಾರು?"

"ನನ್ನ ಗಂಡ."

"ಅಲ್ಲಮ್ಮಾ. ಬಂದಿದ್ದೋರು ಇವರಲ್ಲ. ಆದ್ರೆ ನಿಮ್ಮ ಮುಖ ಚೆನ್ನಾಗಿ ಗೊತ್ತು, ಅವರು ಫೋಟೊ ತೋರಿಸಿದ್ರು. ಇದೇ ಕನ್ನಡಕ. ಪೆನ್ಸಿಲ್ ಹಿಡ್ಕೊಂಡು ನಕ್ಷೆ ಮೇಲೆ ಬಗ್ಗಿದ್ರಿ. ಕಿಟಕಿ ಆಚೆಯಿಂದ ತೆಗ್ದ ಹಾಗಿತ್ತು."

ಅದು ತಮ್ಮ ಅಡುಗೆಮನೆಯ ಕಿಟಕಿಯೇ ಎಂದು ಕೊರೀನಳಿಗೆ ಹೊಳೆಯಿತು. ಆ ಕಿಟಕಿಯಾಚೆ ಇರುವುದು ಅವರ ಹಿತ್ತಿಲು. ದಾರಿಹೋಕರು ಬರುವ ಜಾಗವೇ ಅಲ್ಲ.

ಒಡತಿ ರಿಜಿಸ್ಟರು ತೆರೆದಳು. ವೆಂಡೆಲ್‌ನ ಹೆಸರು, ಅವರ ಮನೆಯ ವಿಳಾಸ, ದುಂಡನೆಯ ಅಪರಿಚಿತ ಅಕ್ಷರ. ಆ ಮನುಷ್ಯ ನಿನ್ನೆ ಸಂಜೆಯೂ ಬಂದು, "ಅವಳು ಬಂದ್ಲಾ?" ಎಂದು ಕೇಳಿ ಹೋಗಿದ್ದನಂತೆ.

ಇಬ್ಬರೂ ಕೀಲಿ ಮುಟ್ಟದೆ ಕಾರಿಗೆ ಮರಳಿದರು. ವೆಂಡೆಲ್ ಪೊಲೀಸರಿಗೆ ಫೋನು ಮಾಡಿದ. ಅವರು ಬರೆದುಕೊಂಡರು, ಅಷ್ಟೇ.

"ಮನೆಗೆ ಹೋಗ್ಬಿಡೋಣ ಕಣೆ," ಎಂದ.

"ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರೋದು ಮನೇನೇ," ಎಂದಳು ಕೊರೀನ್. "ನಡಿ ಮುಂದಕ್ಕೆ. ನಾನು ಗುರುತು ಹಾಕಿರೋ ಯಾವ ಜಾಗಾನೂ ಬೇಡ."

ಹೆಸರೇ ಕೇಳಿರದ ಊರುಗಳಲ್ಲಿ, ಮೊದಲೇ ತಿಳಿಸದೆ ತಂಗುತ್ತ, ಹತ್ತು ದಿನ ತಡವಾಗಿ ಕಡಲು ಕಂಡರು. ಒಹಾಯೋದ ಮನೆಯನ್ನು ಅಲ್ಲಿಂದಲೇ ಮಾರಿದರು. ಅವನು ಯಾರೆಂದು ಕೊನೆಗೂ ತಿಳಿಯಲಿಲ್ಲ.