ಕಂಡವನ ಪಾಲು

"ಬಲಿ ಮ್ಯಾಲ ಕೈ ಇಡು ಶೆಟ್ಟೆಪ್ಪ," ಅಂದ ಹಿರಿಯ ಶಿದ್ಲಿಂಗಪ್ಪ. "ಇಟ್ಟು ಹೇಳು, ಏನ ಬಂದಿತ್ತು?"

ಬನ್ನಿಗಿಡದ ಬುಡಕ್ಕೆ ಬಲೆ ಗುಡ್ಡೆಯಾಗಿ ಬಿದ್ದಿತ್ತು. ಯುಗಾದಿಯ ಮರುದಿನದ ಕರಿಯ ಬೇಟೆ ಅದು. ಬೆಳಗಿನಿಂದ ಕೂಗು ಹಾಕಿ ಗುಡ್ಡವೆಲ್ಲ ತಿರುಗಿದ ಗಂಡಸರು ಸುತ್ತ ಕೂತಿದ್ದರು. ಹತ್ತರಗಿ ಕಡೆ ಹೈವೇ ಅಗಲ ಮಾಡುವವರು ಬಂಡೆಗೆ ಮದ್ದಿಟ್ಟ ಸದ್ದು ನಡುನಡುವೆ ಕೇಳುತ್ತಿತ್ತು.

ಗುಡ್ಡದ ಕಂಡಿಗೆ ಬಲೆ ಕಟ್ಟಿ ಕೂಡುವ ಜಾಗ ಶೆಟ್ಟೆಪ್ಪನದು. ಅವನಪ್ಪನೂ ಅಲ್ಲೇ ಕೂತವನು. ಕೆಳಗಿಂದ ಎಬ್ಬಿಸಿದ ಪ್ರಾಣಿ ಎಲ್ಲಿ ತಿರುಗಿದರೂ ಕೊನೆಗೆ ಆ ಕಂಡಿಗೇ ಬರಬೇಕು. ಇವತ್ತು ಬಂದಿತ್ತು. ಶೆಟ್ಟೆಪ್ಪ ತಾನೇ ಗೂಟ ಕಿತ್ತು, ಬಲೆ ಕೆಡವಿ, ಅದಕ್ಕೆ ದಾರಿ ಬಿಟ್ಟಿದ್ದ.

ಹೆದರಿ ಬಿಟ್ಟವನಿಗೆ ಅವರಲ್ಲಿ ಮಾಫಿ ಇತ್ತು. ಬಲೆ ಮುಟ್ಟಿ ಸುಳ್ಳು ಹೇಳಿದವನಿಗೆ ಮಾತ್ರ ಮತ್ತೆ ಬಲೆ ಇಲ್ಲ.

ಶೆಟ್ಟೆಪ್ಪ ಕೈ ಇಟ್ಟ. "ಕರುವಿನಷ್ಟು ಎತ್ತರ ಇತ್ತು ಕಾಕಾ. ಮೈಮ್ಯಾಲ ಕೂದಲಿಲ್ಲ, ಬೂದಿ ಬಣ್ಣ. ಬಲಿ ಮುಂದ ನಿಂತು ನನ್ನ ನೋಡ್ತು. ನಾಯಿ ಒಂದೂ ಬೊಗಳಲಿಲ್ಲ. ಅದಕ್ಕ ನಮ್ಮಲ್ಲಿ ಹೆಸರಿಲ್ಲ."

"ಬೀಗರು ಬಂದಿರಬೇಕು ಮಾಮಾ," ಅಂದ ಮುರಿಗೆಪ್ಪ. "ಚಾ ಕುಡಿಸಿ ಕಳಸಬೇಕಿತ್ತು."

ಎಲ್ಲರೂ ನಕ್ಕರು. ಶಿದ್ಲಿಂಗಪ್ಪ ನಗಲಿಲ್ಲ. "ವಯಸ್ಸಾತು, ಕಣ್ಣಾಗ ಪೊರಿ ಬಂದೈತಿ. ಹಂದಿ ಬಂತು, ಹೆದರಿದೆ ಅಂದಬಿಡು. ಕಂಡಿ ನಿಂದ ಇರ್ತೈತಿ."

ಶೆಟ್ಟೆಪ್ಪ ಬಲೆಯ ಗಂಟೊಂದನ್ನು ಬೆರಳಲ್ಲಿ ಸವರಿದ. ಅಪ್ಪ ಹೆಣೆದ ಪುಂಡಿನಾರಿನ ಬಲೆ.

"ಹೆದರಿದ್ದು ಖರೆ ಕಾಕಾ. ಹಂದಿ ಅಲ್ಲ."

ಕಂಡಿ ಮುರಿಗೆಪ್ಪನಿಗೆ ಹೋಯಿತು. ಕಂಡಿಯ ಸಂಗಡ ಬಲೆಯೂ ಹೋಯಿತು.

ಆಮೇಲೆ ಹುಕ್ಕೇರಿ ಸಂತೆಗೆ ಹೋದಲ್ಲೂ ಜನ ಬಿಡಲಿಲ್ಲ. "ಹೆಸರಿಲ್ಲದ್ದು ಮತ್ತ ಭೆಟ್ಟಿ ಆತೇನೋ?" ಅಂತ ಕೇಳುತ್ತಿದ್ದರು. ಅವನು ಸಂತೆ ಬಿಟ್ಟ. ಹೆಂಡತಿ ಉದ್ದವ್ವ ಒಲೆ ಮುಂದೆ ಕೂತು ಕೇಳಿದಳು, "ಹಂದಿ ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?"

"ಬಲಿ ಮ್ಯಾಲ ಕೈ ಇತ್ತಲ್ಲ," ಅಂದ.

ಮರುವರ್ಷದ ಕರಿಗೆ ಶೆಟ್ಟೆಪ್ಪ ಕೂಗು ಹಾಕುವ ಹುಡುಗರ ಸಾಲಿನಲ್ಲಿ ಕೋಲು ಹಿಡಿದು ನಿಂತ. ಹೊತ್ತೇರುವುದರೊಳಗೆ ಒಂದು ಹಂದಿ ಬಿತ್ತು. ಅದನ್ನು ಮೊದಲು ಕಂಡು ಕೂಗಿದವನು ಮುರಿಗೆಪ್ಪ. ಹೊಡೆದವರು ಯಾರೇ ಇರಲಿ, ಮೊದಲು ಕಂಡವನಿಗೆ ಕುತ್ತಿಗೆಯ ತುಂಡು. ಅದನ್ನು ಅವನಿಗೆಂದು ಎಲೆಯಲ್ಲಿ ಕಟ್ಟಿಟ್ಟರು. ಮಧ್ಯಾಹ್ನ ಗುಡ್ಡವನ್ನು ಇನ್ನೊಮ್ಮೆ ಎಬ್ಬಿಸಿದರು.

ಕಂಡಿಯಿಂದ ಮುರಿಗೆಪ್ಪ ಇಳಿದು ಬಂದಾಗ ಬಲೆ ಅವನ ಹೆಗಲ ಮೇಲಿತ್ತು. ಗೂಟಗಳು ಕೈಯಲ್ಲಿದ್ದವು. ಬಲೆ ಎಲ್ಲೂ ಹರಿದಿರಲಿಲ್ಲ. ಅವನ ಹಿಂದೆ ನಾಯಿಗಳು ಬಾಲ ಒಳಗೆ ಮಾಡಿ ಸುಮ್ಮನೆ ಬರುತ್ತಿದ್ದವು.

"ಏನ ಬಂದಿತ್ತೋ?" ಅಂದ ಶಿದ್ಲಿಂಗಪ್ಪ.

ಮುರಿಗೆಪ್ಪ ಬಲೆ ಇಳಿಸಿ ಕೈ ಇಟ್ಟ. "ಹಂದಿ. ಹೆದರಿದೆ."

"ಹಂಗ ಹೇಳಪಾ. ಹೆದರದವರು ಯಾರದಾರ."

ಯಾರೋ ಅವನ ಬೆನ್ನಿಗೆ ಗುದ್ದಿ ನಕ್ಕರು. ಅವನು ತಲೆ ಎತ್ತಲಿಲ್ಲ. ಸಾಲಿನ ಕೊನೆಗೆ ಕೂತಿದ್ದ ಶೆಟ್ಟೆಪ್ಪ ನಾಯಿಗಳನ್ನೇ ನೋಡುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಉದ್ದವ್ವ ಹೊರಗೆ ಬಂದು ಕಟ್ಟೆಯ ಮೇಲಿದ್ದ ಮುತ್ತಲ ಎಲೆಯ ಗಂಟು ಬಿಚ್ಚಿದಳು.

"ಯಾರ ಇಟ್ಟ ಹೋದ್ರಿ ಇದನ್ನ? ಕುತಿಗಿ ತುಂಡೈತಿ. ಹಂದಿ ಕಂಡಾವ ಮುರಿಗೆಪ್ಪ ಅಂದ್ರಲ್ಲ."

ಶೆಟ್ಟೆಪ್ಪ ತುಂಡನ್ನು ನೋಡಿದ, ಓಣಿಯ ಕಡೆ ನೋಡಿದ. ಅಲ್ಲಿ ಬೋರಿನ ಹತ್ತಿರ ಮುರಿಗೆಪ್ಪ ಕುಕ್ಕರಗಾಲಲ್ಲಿ ಕೂತು, ಬಲೆಯ ಮೇಲಿಟ್ಟಿದ್ದ ಅಂಗೈಗೆ ಮಣ್ಣು ಹಚ್ಚಿ ತಿಕ್ಕುತ್ತಿದ್ದ. ಕೊಡದ ತಳದಲ್ಲಿದ್ದ ನೀರಿನಿಂದ ತೊಳೆದ. ಮತ್ತೆ ಮಣ್ಣು ತೆಗೆದುಕೊಂಡ. ಕೊಡ ಬಗ್ಗಿಸಿದರೆ ನೀರು ಬರಲಿಲ್ಲ.

"ಒಲಿ ಹಚ್ಚು," ಅಂದು ಶೆಟ್ಟೆಪ್ಪ ಎದ್ದ. ಹೋಗಿ ಬೋರಿನ ಹಿಡಿಕೆ ಹಿಡಿದು ಅವನ ಕೈಮೇಲೆ ನೀರು ಹೊಡೆಯತೊಡಗಿದ.